ಹಾರ ಬೇಡವೆಂದ ಓಟಗಾರ

ಲೀಡರು ಬಂದರೆ ಹಾರ ಹಾಕಬೇಕು. ಇಷ್ಟೂ ಗೊತ್ತಿಲ್ಲದವರು ನಮ್ಮ ಚನ್ನಪಟ್ಟಣದ ಕಡೆ ಯಾರಿದ್ದಾರೆ? ನಾನು ಐರ್ಲೆಂಡಿನ ಅಣಬೆ ಫಾರಮ್ಮಿಗೆ ಸೇರಿ ಮೂರು ತಿಂಗಳಾಗಿತ್ತು. ಮುದ್ದೆಯ ಜಾಗಕ್ಕೆ ಬೇಯಿಸಿದ ಆಲೂಗಡ್ಡೆ ಬಂದು ಕೂತಿತ್ತು. ಕೆಲಸಗಾರರ ಯೂನಿಯನ್ನಿನ ಲೀಡರು ಡೆಕ್ಲನ್ ಬರುತ್ತಾರೆಂದಾಗ, ಊರಿನಿಂದ ತಂದಿದ್ದ ರೇಷ್ಮೆಗೂಡಿನ ಹಾರ ಹಿಡಿದು ಗೇಟಿಗೆ ಹೋದೆ. ಸೈಕಲ್ಲಿನಲ್ಲಿ ಬಂದ ಆ ಅರವತ್ತರ ಮನುಷ್ಯ ಹಾರವನ್ನು ತಿರುಗಿಸಿ ನೋಡಿ ನನ್ನ ಕೊರಳಿಗೇ ಹಾಕಿಬಿಟ್ಟರು. "ನಾಳೆ ಮಾತಾಡುವುದು ನೀನಲ್ಲವೇ?" ಎಂದರು.

ಮಾತಾಡಬೇಕಾಗಿದ್ದುದು ಮರೀನಾಳಿಗಾಗಿ, ಫಾರಮ್ಮಿನವರು ಕರೆದಿದ್ದ ವಿಚಾರಣೆಯಲ್ಲಿ. ಬ್ರೆಜಿಲ್ಲಿನವಳು, ನನ್ನ ರೂಮಿನ ಗೆಳತಿ. ಯಂತ್ರಕ್ಕೆ ಅವಳ ಬೆರಳು ಸಿಕ್ಕಿತ್ತು. ಅವಳದೇ ತಪ್ಪೆಂದು ಕೆಲಸದಿಂದ ತೆಗೆದಿದ್ದರು. ಯಂತ್ರಕ್ಕೆ ಅಡ್ಡವಿರಬೇಕಾದ ಜಾಲರಿ ಅಂದು ಇರಲಿಲ್ಲ. ಅದನ್ನು ಕಂಡವಳು ನಾನೊಬ್ಬಳೇ. ಆದರೆ ನನ್ನ ಪರ್ಮಿಟ್ಟು, ಅಂದರೆ ಈ ದೇಶದಲ್ಲಿ ದುಡಿಯುವ ಅನುಮತಿ, ಅದೇ ಮಾಲೀಕನ ಕೆಲಸಕ್ಕೆ ಕಟ್ಟುಬಿದ್ದಿತ್ತು. ವಿರೂಪಾಕ್ಷಿಪುರದಿಂದ ಅವ್ವ ಫೋನಿನಲ್ಲಿ, "ಬ್ಯಾರೆ ದೇಸ ಕಣವ್ವಾ, ಒಸಿ ಸುಮ್ಕಿರು" ಎಂದಳು.

"ನೀವೇ ಹೇಳಿಬಿಡಿ" ಎಂದು ಡೆಕ್ಲನ್ ಅವರನ್ನು ಗೋಗರೆದೆ. ಅವರು ಚಹಾ ಕುಡಿಯುತ್ತಾ ತಮ್ಮ ಕಥೆ ಹೇಳಿದರು. ದೇಶಕ್ಕಾಗಿ ರಿಲೇ ಓಡಿದವರು. ಮಂಡಿ ಕೈಕೊಟ್ಟ ಮೇಲೆ ಮಾಂಸದ ಕಾರ್ಖಾನೆ ಸೇರಿದರು. ಗಾಯಗೊಂಡ ಗೆಳೆಯನಿಗಾಗಿ ಗೇಟಿನಲ್ಲಿ ಧರಣಿ ಕೂತಾಗ ಅವರನ್ನೂ ಹೊರಹಾಕಿದರು. ಅಂದಿನಿಂದ ಊರೂರು ಸುತ್ತಿ ಕೆಲಸಗಾರರನ್ನು ಕೂಡಿಸಿದ್ದಾರೆ.

"ನಾನು ನೋಡದ್ದನ್ನು ನಾನು ಹೇಳಿದರೆ ಯಾರು ನಂಬುತ್ತಾರೆ? ನಿನ್ನ ಸುತ್ತು ನೀನೇ ಓಡಬೇಕು. ಪಕ್ಕದಲ್ಲಿ ನಾನಿರುತ್ತೇನೆ" ಎಂದರು.

ಅಯ್ಯೋ, ನಮ್ಮ ಕಡೆ ಲೀಡರುಗಳ ಕೈಗೆ ಮೈಕು ಕೊಟ್ಟರೆ ವಾಪಸ್ಸು ಬರುವುದುಂಟೇ! ಇವರು ಕೊಟ್ಟರೂ ಒಲ್ಲೆನೆಂದರು. ಮನಸ್ಸಿನಲ್ಲೇ ಕೈಮುಗಿದೆ.

ಮರುದಿನದ ವಿಚಾರಣೆಯಲ್ಲಿ ಗಾಬರಿಗೆ, ನನಗೆ ಬರುತ್ತಿದ್ದ ಚೂರುಪಾರು ಇಂಗ್ಲಿಷೂ ಮರೆತುಹೋಯಿತು. "ಜಾಲರಿ ಇರ್ನಿಲ್ಲ ಕಣ್ರೀ! ನಾನೇ ನೋಡಿವ್ನಿ!" ಎಂದು ಕಿರುಚಿದೆ. ಎಲ್ಲರೂ ಪಿಳಿಪಿಳಿ ನೋಡಿದರು. ಡೆಕ್ಲನ್ ನಗಲಿಲ್ಲ. "ಗ್ರ್ಯಾಂಡ್" ಎಂದರು, ಇಲ್ಲಿ ಹಾಗೆಂದರೆ ಪರವಾಗಿಲ್ಲ, ಮುಂದುವರಿಸು ಎಂದು. ಹರಕುಮುರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ವಾರದೊಳಗೆ ಮರೀನಾ ಕೆಲಸಕ್ಕೆ ಮರಳಿದಳು. ನನ್ನ ಪರ್ಮಿಟ್ಟಿಗೂ ಏನೂ ಆಗಲಿಲ್ಲ.

ಖುಷಿಗೆ ಸಾವಿತ್ರಿಗೆ ಫೋನು ಮಾಡಿದೆ. ಬಿಡದಿಯ ಒಂದು ಕಾರ್ಖಾನೆಯಲ್ಲಿ ನನ್ನ ಪಕ್ಕ ನಿಂತು ದುಡಿದವಳು. ಮಾಡದ ತಪ್ಪಿಗೆ ಅವಳನ್ನು ಆಚೆ ಕಳಿಸಿದ ದಿನ, ಎಲ್ಲ ಗೊತ್ತಿದ್ದೂ ನಾನು ತಲೆ ತಗ್ಗಿಸಿ ನಿಂತಿದ್ದೆ. ಪೂರ್ತಿ ಕೇಳಿಸಿಕೊಂಡು ಅವಳು, "ಒಳ್ಳೇದಾಯ್ತು ಬುಡು. ಅಲ್ಲಾದ್ರೂ ಬಾಯಿ ಬಂತಲ್ಲ" ಎಂದಳು.

ಇಲ್ಲಿ ಈಗ ಎಲ್ಲರೂ ನನ್ನನ್ನು ನಮ್ಮವಳು ಅನ್ನುತ್ತಾರೆ. ಊರಿಗೆ ಹೋದಾಗ ಮೊದಲು ಸಾವಿತ್ರಿಯ ಮನೆಗೇ ಹೋಗಬೇಕು. ಯಾವ ಮುಖ ಹೊತ್ತು ಹೋಗಲಿ?