ಏಕಾದಶಿಗೆ ಉಳಿದ ಗುಳಿಗೆಗಳು

ನಮ್ಮ ದೇವರ ಕೋಣೆಯ ಗೋಡೆಕಪಾಟಿನಲ್ಲಿ, ಊದುಬತ್ತಿಯ ಕಟ್ಟುಗಳ ಹಿಂದೆ, ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಮನೆಯಲ್ಲಿ ಯಾರಿಗೇ ಕಾಯಿಲೆಯಾಗಲಿ, ವಾಸಿಯಾದ ಮೇಲೆ ಉಳಿದ ಗುಳಿಗೆಗಳು ಆ ಡಬ್ಬಿಗೆ ಹೋಗುತ್ತಿದ್ದವು. ಜ್ವರದ್ದು, ಹಲ್ಲಿನದು, ಗಂಟಲಿನದು. ಯಾವುದು ಯಾವುದಕ್ಕೆ ಎಂದು ಬರೆದಿಟ್ಟಿರಲಿಲ್ಲ. ಬಣ್ಣ ನೋಡಿದರೆ ನನಗೆ ತಿಳಿಯುತ್ತಿತ್ತು.

ಇದು ನಾನು ತವರಿನಿಂದ ತಂದ ಅಭ್ಯಾಸ. ನನ್ನ ತವರು ಯಲ್ಲಾಪುರದಿಂದ ಒಳಗೆ, ಘಟ್ಟದ ಅಂಚಿನಲ್ಲಿ. ಬೆಳಿಗ್ಗೆ ಹೋದ ಬಸ್ಸು ಸಂಜೆಗೆ ಬಂದರೆ ಬಂತು. ಹಾಗಾಗಿ ಒಬ್ಬರು ಪೇಟೆಯ ಡಾಕ್ಟರನ್ನು ಕಂಡು ಬಂದರೆ ಅವರು ನುಂಗಿ ಉಳಿದದ್ದು ಮುಂದಿನವರಿಗೆ. ಮದುವೆಯಾಗಿ ಕಾನಸೂರಿಗೆ ಬಂದೆ. ಇಲ್ಲಿ ಸಿದ್ದಾಪುರಕ್ಕೂ ಬಸ್ಸುಂಟು, ಶಿರಸಿಗೂ ಉಂಟು. ಆದರೂ ಡಬ್ಬಿ ಬಿಡಲಿಲ್ಲ. ಅನ್ನದ ಅಗುಳು ಚೆಲ್ಲಬಾರದು ಎಂದು ಕಲಿತ ಕೈಗೆ ಗುಳಿಗೆ ಎಸೆಯುವುದು ಬರಲಿಲ್ಲ. ಆಚೆಮನೆ ಅಕ್ಕನಿಗೂ ಗಂಟಲು ಕಟ್ಟಿದಾಗ ಎರಡು ಕೊಟ್ಟಿದ್ದೇನೆ. "ನಿನ್ನ ಡಬ್ಬಿ ಒಂದಿದ್ರೆ ಸಿದ್ದಾಪುರಕ್ಕೆ ಹೋಪದೇ ಬೇಡ ನೋಡು" ಎಂದು ಅವಳು ಹೇಳಿದ್ದಳು. ನನ್ನ ಗಂಡ ನನ್ನನ್ನು 'ಡಾಕ್ಟ್ರೇ' ಎಂದೇ ಚೇಷ್ಟೆ ಮಾಡುತ್ತಿದ್ದರು. ನನಗೆ ಒಳಗೊಳಗೇ ಹಿತವಾಗುತ್ತಿತ್ತು.

ಅತ್ತೆಗೆ ಮೊದಲ ಸಲ ಆ ತೊಂದರೆ ಕಾಣಿಸಿಕೊಂಡಾಗ ಎರಡು ದಿನ ಯಾರಿಗೂ ಹೇಳಿರಲಿಲ್ಲ. ಬಚ್ಚಲಿಗೆ ಹೋಗಿ ಬಂದು ಗೋಡೆ ಹಿಡಿದು ನಿಂತದ್ದನ್ನು ನೋಡಿ ನಾನೇ ಕೇಳಿದೆ.

"ಎಂತಾತು ಅತ್ತೆ?"

"ಎಂತೂ ಇಲ್ಲೆ. ಉರಿ."

"ಎಲ್ಲಿ?"

"ಅದನ್ನೂ ಬಾಯ್ಬಿಟ್ಟು ಹೇಳಕಾ?"

ಸಿದ್ದಾಪುರದ ಡಾಕ್ಟರಮ್ಮ ಮೂತ್ರದ ಸೋಂಕು ಎಂದರು. ಐದು ದಿನಕ್ಕೆ ಹತ್ತು ಗುಳಿಗೆ ಬರೆದುಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟವಾದ ಮೇಲೆ. ಉರಿ ನಿಂತರೂ ಹತ್ತನ್ನೂ ಮುಗಿಸಿ ಎಂದು ಎರಡು ಸಲ ಹೇಳಿದರು. ಎರಡು ದಿನ ನಡೆಯಿತು. ಮೂರನೆಯ ದಿನ ಏಕಾದಶಿ.

ಅತ್ತೆಯ ಏಕಾದಶಿಯೆಂದರೆ ಸುಮ್ಮನೆ ಅಲ್ಲ. ಮದುವೆಯಾದ ವರ್ಷ ಹಿಡಿದದ್ದು, ಒಂದೂ ತಪ್ಪಿಸಿಲ್ಲ. ಅವಲಕ್ಕಿಯಿಲ್ಲ, ಹಣ್ಣಿಲ್ಲ, ಬೆಳಿಗ್ಗೆ ಒಂದು ಉದ್ಧರಣೆ ತೀರ್ಥ, ಅಷ್ಟೇ. ನಾನೂ ಅವತ್ತು ಒಪ್ಪೊತ್ತು. ಗುಳಿಗೆ, ನೀರು ಹಿಡಿದು ಅವರ ಮುಂದೆ ನಿಂತೆ.

"ಇಂದು ಏಕಾದಶಿ ಅಲ್ದನೇ?"

"ಇದು ಗುಳಿಗೆ ಅತ್ತೆ. ಊಟ ಅಲ್ಲ."

"ಡಾಕ್ಟ್ರಮ್ಮ ಎಂತ ಹೇಳಿದ್ದು? ಊಟ ಆದ್ಮೇಲೆ ಹೇಳಿ. ಊಟವೇ ಇಲ್ಲದ ದಿನ 'ಊಟ ಆದ್ಮೇಲೆ' ಹೇಳದು ಎಲ್ಲಿಂದ ಬತ್ತು?"

ಜಗಲಿಯಲ್ಲಿದ್ದ ನನ್ನ ಗಂಡ ನಕ್ಕರು. "ಆಯಿಗೆ ವಕೀಲಿ ಓದಿಸಕಾಗಿತ್ತು" ಎಂದರು. ನಾನೂ ನಕ್ಕೆ.

ಆದರೆ ನನಗೆ ಒಂದು ವಿಷಯ ಗೊತ್ತಿತ್ತು. ಹಿಂದೊಮ್ಮೆ ಸೋಂದಾ ಮಠಕ್ಕೆ ಹೋದಾಗ, ವ್ರತದ ದಿನ ಔಷಧ ತೆಗೆದುಕೊಂಡರೆ ವ್ರತ ಕೆಡುವುದಿಲ್ಲ ಎಂದು ಅಲ್ಲಿ ಒಬ್ಬ ಹಿರಿಯರು ಪುರಾಣ ಹೇಳುವಾಗ ವಿವರಿಸಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೆ. ಅತ್ತೆ ಆ ಹೊತ್ತಿನಲ್ಲಿ ಪ್ರದಕ್ಷಿಣೆಗೆ ಹೋಗಿದ್ದರು. ಆ ಮಾತನ್ನು ನಾನು ಆಡಬಹುದಿತ್ತು. ಆಡಲಿಲ್ಲ. ಉಪವಾಸದ ದಿನ ವಾದ ಯಾಕೆ ಎಂದುಕೊಂಡೆ. ಇನ್ನೂ ನಿಜ ಹೇಳಬೇಕೆಂದರೆ, ಉರಿ ಕಡಿಮೆಯಾಗಿದೆ, ಆರು ಉಳಿದರೆ ಇರಲಿ ಅನ್ನಿಸಿತು. ದ್ವಾದಶಿಯ ಪಾರಣೆ ಮುಗಿಸಿ ಅತ್ತೆ, "ಈಗ ಉರಿಯೇ ಇಲ್ಲೆ. ಸುಮ್ಮನೆ ಉಷ್ಣ ಎಂತಕ್ಕೆ?" ಎಂದರು. ಆರು ಗುಳಿಗೆ ಡಬ್ಬಿಗೆ ಹೋದವು.

ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಮಾಡಿದ ಉಪಕಾರಗಳನ್ನು ಎಣಿಸುವುದು ನನ್ನ ರೂಢಿ. ದೊಡ್ಡವೇನೂ ಅಲ್ಲ. ಹಾಲು ಒಡೆಯಲಿಲ್ಲ, ಬಸ್ಸಿನಲ್ಲಿ ಸೀಟು ಸಿಕ್ಕಿತು, ಅಂಥವು. ಅವತ್ತು ಎಣಿಸಿದ್ದು ನೆನಪಿದೆ: ಅತ್ತೆಯ ಉರಿ ನಿಂತಿತು, ಏಕಾದಶಿ ತಪ್ಪಲಿಲ್ಲ, ಆರು ಗುಳಿಗೆ ಉಳಿಯಿತು.

ನಾಲ್ಕು ತಿಂಗಳ ನಂತರ ಉರಿ ಮತ್ತೆ ಬಂತು. ಡಬ್ಬಿಯಿಂದ ಮೂರು ಕೊಟ್ಟೆ, ಎರಡು ದಿನದಲ್ಲಿ ನಿಂತಿತು. ಆಮೇಲೆ ಮತ್ತೆ ಬಂತು, ಉಳಿದ ಮೂರು ಕೊಟ್ಟೆ. ಈ ಸಲ ನಿಲ್ಲಲು ವಾರ ಹಿಡಿಯಿತು. ಗುಳಿಗೆಯ ಖಾಲಿ ಪಟ್ಟಿ ತೋರಿಸಿ ಔಷಧದ ಅಂಗಡಿಯಿಂದ ಅದನ್ನೇ ತಂದಿಟ್ಟೆ, ಬೇಕಾದಾಗ ಎರಡು ಮೂರು ಕೊಡುತ್ತ ಹೋದೆ. ಪ್ರತಿ ಸಲವೂ ನಿಧಾನವಾಗುತ್ತಿದ್ದದ್ದು ನನ್ನ ಗಮನಕ್ಕೆ ಬಂದಿತ್ತು. ಅತ್ತೆಗೆ ವಯಸ್ಸಾಯಿತು ಎಂದುಕೊಂಡೆ.

ಮರುವರ್ಷ ಒಂದು ದಿನ ಮಧ್ಯಾಹ್ನ ಬಾಳೆಲೆಯ ಮುಂದೆ ಕುಳಿತಿದ್ದ ಅತ್ತೆಗೆ ನಡುಕ ಹುಟ್ಟಿತು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಮೈ ಕಾದ ಕಾವಲಿ. ನನ್ನನ್ನು ನೋಡಿ "ನೀ ಯಾರ ಮನೆ ಕೂಸು?" ಎಂದು ಕೇಳಿದರು. ಕಾರು ಮಾಡಿ ಶಿರಸಿಗೆ ಒಯ್ದೆವು.

ಆಸ್ಪತ್ರೆಯಲ್ಲಿ ಡಾಕ್ಟರು ಬರೆದುಕೊಳ್ಳುತ್ತ ಕೇಳಿದರು. "ಇದಕ್ಕಿಂತ ಮೊದಲು ಈ ತೊಂದರೆ ಆಗಿತ್ತಾ? ಏನಾದರೂ ಮಾತ್ರೆ ಕೊಟ್ಟಿದ್ದಿರಾ?"

ಸುತ್ತ ನಾಲ್ಕು ಜನ ನಿಂತಿದ್ದರು. ಡಬ್ಬಿಯ ಸುದ್ದಿಯನ್ನು ಅವರೆದುರು ಹೇಗೆ ಹೇಳುವುದು ಎಂದು ನಾಚಿಕೆಯಾಯಿತು.

"ಇಲ್ಲ" ಎಂದೆ.

ನನ್ನ ಗಂಡ ಒಮ್ಮೆ ನನ್ನ ಮುಖ ನೋಡಿ, ಅತ್ತೆಯ ಕಂಬಳಿ ಸರಿಮಾಡತೊಡಗಿದರು. ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದರು. ವರದಿ ಬರಲು ಮೂರು ದಿನ. ಅಲ್ಲಿಯವರೆಗೆ ಎಂದು, ನನ್ನ ಮಾತು ನಂಬಿ, ಮಾಮೂಲಿಯಾಗಿ ಕೊಡುವ ಇಂಜೆಕ್ಷನ್ ಶುರು ಮಾಡಿದರು. ಮೂರು ದಿನವೂ ಜ್ವರ ಇಳಿಯಲಿಲ್ಲ. ನಾನು ಹಾಸಿಗೆಯ ಪಕ್ಕ ಕುಳಿತು ಸಹಸ್ರನಾಮ ಹೇಳುತ್ತಿದ್ದೆ. ಒಂದು ನಿಜ ಹೇಳಲಾರದ ಬಾಯಿಯಿಂದ ಸಾವಿರ ನಾಮ.

ವರದಿ ತರಲು ಲ್ಯಾಬಿಗೆ ನಾನೇ ಹೋದೆ. ಅಲ್ಲಿದ್ದ ಹೆಂಗಸು ಹಾವೇರಿ ಕಡೆಯವಳು, ನನಗಿಂತ ಚಿಕ್ಕವಳು.

"ಕೂಡ್ರಿ ಅಕ್ಕಾರ. ಯಾರಿಗ್ರಿ ಇದು?"

"ಅತ್ತೆಗೆ."

ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಒಂದರ ಕೆಳಗೊಂದು ಔಷಧಗಳ ಹೆಸರು. ಬಹಳಷ್ಟರ ಮುಂದೆ ಇಂಗ್ಲಿಷಿನ ಆರ್ ಅಕ್ಷರ.

"ಆರ್ ಅಂದ್ರ ಈ ಔಷಧಕ್ಕ ನಿಮ್ಮತ್ತಿ ಮೂತ್ರದಾಗಿನ ರೋಗಾಣು ಸೊಪ್ಪು ಹಾಕಂಗಿಲ್ರಿ. ಈ ಕೆಳಗಿನ ಎರಡಕ್ಕಷ್ಟ ಬಗ್ಗತೈತಿ."

"ಎಲ್ಲಿಂದ ಬಂತು ಇದು? ನಮ್ಮನೆ ಮಡಿ-ಮೈಲಿಗೆ ಎಲ್ಲ ನೋಡಿ ಮಾಡುವವರು."

"ಹೊರಗಿಂದ ಬಂದದ್ದಲ್ರಿ ಅಕ್ಕಾರ. ನಿಮ್ಮ ಕರುಳಾಗೂ ಐತಿ, ನನ್ನ ಕರುಳಾಗೂ ಐತಿ. ಅಲ್ಲಿದ್ರ ತನ್ನ ಪಾಡಿಗೆ ತಾನು. ಅವುಗಳೊಳಗ ಕೆಲವು ಎಂದೋ ಬದಲಾದ ಜಾತಿ ಇರತಾವ. ಮೂತ್ರದ ದಾರ್‍ಯಾಗ ಕಚ್ಚಿಕೊಂಡು ಕೂಡ್ರಾಕ ಅವಕ್ಕ ಕೊಕ್ಕಿ ಬಂದಿರತಾವ."

ಕೆಲಸ ಇಲ್ಲದ ಹೊತ್ತು ಇರಬೇಕು, ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ನುಚ್ಚಕ್ಕಿಗಿಂತ ಸಣ್ಣ, ಗುಲಾಬಿ ಬಣ್ಣದ ಕಡ್ಡಿಗಳು. ಇಷ್ಟೇ ಎಂದುಕೊಂಡೆ. ಅವಳು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಆ ಜೀವಿ ಅನುಕೂಲ ಸಿಕ್ಕಿದರೆ ಅರ್ಧ ಗಂಟೆಯೊಳಗೆ ಒಂದಿದ್ದದ್ದು ಎರಡಾಗುತ್ತದೆ. ಪ್ರತಿ ಸಲವೂ ತನ್ನೊಳಗಿನ ಬರಹವನ್ನೆಲ್ಲ ನಕಲು ಮಾಡಿಕೊಳ್ಳುತ್ತದೆ. ಅಷ್ಟು ನಕಲಿನಲ್ಲಿ ಎಲ್ಲೋ ಒಂದು ಕಡೆ ತಪ್ಪುತ್ತದೆ. ಹಾಗೆ ತಪ್ಪಿದವು ಹೆಚ್ಚಿನವು ಸಾಯುತ್ತವೆ, ಇಲ್ಲವೇ ಮೊದಲಿದ್ದಂತೆಯೇ ಇರುತ್ತವೆ. ಅಪರೂಪಕ್ಕೆ ಒಂದಕ್ಕೆ ಆ ತಪ್ಪಿನಿಂದಲೇ ಔಷಧ ತಾಗದಂತಾಗುತ್ತದೆ.

ನನಗೆ ಹಿತ್ತಿಲು ನೆನಪಾಯಿತು. ಬಸಳೆ ಪಾತಿಯಲ್ಲಿ ಕಳೆ ಕೀಳುವಾಗ ಸಡಿಲ ಬೇರಿನವು ಕೈಗೆ ಬರುತ್ತವೆ, ಆಳಕ್ಕೆ ಹೋದವು ಬರುವುದಿಲ್ಲ. ಅಷ್ಟಕ್ಕೇ ಎದ್ದು ಬಂದರೆ ಮುಂದಿನ ತಿಂಗಳು ಪಾತಿಯ ತುಂಬ ಆಳದ ಬೇರಿನವೇ. ನಾನು ಅತ್ತೆಯ ಹೊಟ್ಟೆಯೊಳಗೆ ವರ್ಷವಿಡೀ ಹಾಗೆ ಕಳೆ ಕಿತ್ತಿದ್ದೆ.

"ಇನ್ನೊಂದೈತ್ರಿ" ಎಂದಳು ಅವಳು. "ಒಂದು ಕಲಿತದ್ದನ್ನ ಬಾಜೂಕಿನದಕ್ಕ ಕೊಡತೈತಿ. ಬ್ಯಾರೆ ಜಾತಿಯದಿದ್ರೂ ಕೊಡತೈತಿ."

ನಾವು ಹೆಪ್ಪು ಕೊಟ್ಟ ಹಾಗೆ, ಅಂದುಕೊಂಡೆ. ಮೊಸರು ಹುಳಿಯೊಡೆದು ಕೆಟ್ಟರೆ ಆಚೆಮನೆಯಿಂದ ಒಂದು ಚಮಚ ತಂದರೆ ಸಾಕು, ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಅವರ ಮನೆಯದೇ ರುಚಿ. ಹಾಗೆಂದುಕೊಂಡ ಕೂಡಲೇ ಆಚೆಮನೆ ಅಕ್ಕನಿಗೆ ಕೊಟ್ಟ ಎರಡು ಗುಳಿಗೆ ಕಣ್ಣ ಮುಂದೆ ಬಂತು.

"ಮನ್ಯಾಗ ಅರ್ಧಂಬರ್ಧ ಗುಳಿಗಿ ಏನರ ಕೊಟ್ಟಿದ್ರೇನ್ರಿ?" ಎಂದು ಅವಳು ಮೆಲ್ಲಗೆ ಕೇಳಿದಳು.

ಯಾರಿಗೂ ಹೇಳದಿದ್ದನ್ನು ಆ ಅಪರಿಚಿತ ಹೆಣ್ಣುಮಗಳಿಗೆ ಹೇಳಿದೆ. ಏಕಾದಶಿ, ಡಬ್ಬಿ, ಖಾಲಿ ಪಟ್ಟಿ, ಎಲ್ಲ.

"ಡಾಕ್ಟರಿಗೆ ಹೇಳೀರೋ ಇಲ್ಲೋ?"

"ಇಲ್ಲ."

"ಮೊದಲ ಹೋಗಿ ಹೇಳ್ರಿ. ನಾಚಿಕಿ ಆಮ್ಯಾಲ ಪಡೂಣಂತ."

ವರದಿ ಹಿಡಿದು ಹೋಗಿ ಡಾಕ್ಟರ ಮುಂದೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಔಷಧ ಬದಲಿಸಿ ಬರೆಯುತ್ತ, "ಮೊದಲ ದಿನವೇ ಹೇಳಿದ್ದರೆ ಮೂರು ದಿನ ಉಳಿಯುತ್ತಿತ್ತು" ಎಂದರು ಅಷ್ಟೇ.

ಹೊಸ ಔಷಧ ನರಕ್ಕೆ ಹತ್ತು ದಿನ ಕೊಟ್ಟರು. ಅತ್ತೆ ಉಳಿದರು. ನನ್ನನ್ನು ಗುರುತು ಹಿಡಿದು, "ಮನೆಲಿ ದೇವರಿಗೆ ನೈವೇದ್ಯ ಯಾರು ಮಾಡ್ತಾ ಇದ್ದ?" ಎಂದು ಕೇಳಿದ ಬೆಳಿಗ್ಗೆ ನಾನು ವರಾಂಡಕ್ಕೆ ಹೋಗಿ ಅತ್ತುಬಿಟ್ಟೆ. ಆದರೆ ಅವರ ಮೂತ್ರಪಿಂಡಗಳು ಮೊದಲಿನಂತಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು ಊಟವಾದ ಮೇಲೆ ನುಂಗಲು ಇನ್ನೊಂದಿಷ್ಟು ಗುಳಿಗೆ ಕೊಟ್ಟು ಹೇಳಿದರು: ಇವುಗಳಲ್ಲಿ ಒಂದೂ ಉಳಿಯಬಾರದು, ಗಂಟೆಗೊಮ್ಮೆ ನೀರು, ಹೊತ್ತುಹೊತ್ತಿಗೆ ಊಟ, ಇನ್ನು ಮೇಲೆ ಉಪವಾಸ ಎಂಬ ಮಾತೇ ಇಲ್ಲ.

ಒಂದು ಏಕಾದಶಿ ಉಳಿಸಲು ಹೋಗಿ ಅವರ ಉಳಿದೆಲ್ಲ ಏಕಾದಶಿಯನ್ನೂ ನಾನು ಕಳೆದೆ. ಅವರಿಗೆ ಶಾಸ್ತ್ರ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಊರಿಗೆ ಬಂದ ದಿನವೇ ಆಚೆಮನೆಗೆ ಹೋಗಿ ಇನ್ನು ನನ್ನ ಹತ್ತಿರ ಗುಳಿಗೆ ಕೇಳಬೇಡ ಎಂದು ಕಾರಣ ಸಮೇತ ಹೇಳಿದೆ. "ಎರಡೇ ಅಲ್ದನೇ, ಯಂಗೆಂತೂ ಆಜಿಲ್ಲೆ" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಡಬ್ಬಿಯಲ್ಲಿದ್ದದ್ದನ್ನೆಲ್ಲ ಶಿರಸಿಯ ಆಸ್ಪತ್ರೆಗೆ ಒಯ್ದು ಕೊಟ್ಟೆ. ಬಚ್ಚಲಿಗೆ, ಮಣ್ಣಿಗೆ ಚೆಲ್ಲಿದರೆ ಅಲ್ಲಿನ ಜೀವಿಗಳೂ ಕಲಿಯುತ್ತವೆ ಎಂದು ಲ್ಯಾಬಿನವಳು ಹೇಳಿದ್ದಳು.

ಆಮೇಲೆ ಬಂದ ಮೊದಲ ಏಕಾದಶಿಯ ದಿನ ಗಂಜಿ ಮಾಡಿದೆ. ದೇವರ ಕೋಣೆಗೆ ಬೆನ್ನು ಹಾಕಿ ಅತ್ತೆ ಕುಳಿತರು. ಬಟ್ಟಲು ಮುಂದಿಟ್ಟರೂ ಕೈ ಹಾಕಲಿಲ್ಲ. ನಾನು ಪಕ್ಕದಲ್ಲಿ ಕುಳಿತೆ.

"ಅತ್ತೆ, ಔಷಧಿ ತಗಂಡ್ರೆ ವ್ರತ ಕೆಡ್ತಿಲ್ಲೆ ಹೇಳಿ ಯಂಗೆ ಅಂದೇ ಗೊತ್ತಿತ್ತು. ಸೋಂದದಲ್ಲಿ ಕೇಳಿದ್ದೆ. ನಿಂಗಕ್ಕೆ ಹೇಳಿದ್ನಿಲ್ಲೆ."

ಅವರು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. "ನೀ ಹೇಳಿದ್ರೂ ಆನು ಕೇಳ್ತಿದ್ನಿಲ್ಲೆ ಬಿಡು" ಎಂದರು. ಒಂದು ಚಮಚ ತೆಗೆದು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿ ನುಂಗಿದರು. ಇನ್ನೊಂದು ಚಮಚಕ್ಕೆ ಮೊದಲು, ನನ್ನ ಕಡೆ ನೋಡದೆ, "ಆದ್ರೂ ಹೇಳಕಾಗಿತ್ತು ಕೂಸೆ" ಎಂದರು.

ಸಂಜೆ ದೀಪ ಹಚ್ಚಿ ಎಣಿಸಲು ಕುಳಿತೆ. ಅತ್ತೆ ಇದ್ದಾರೆ. ಅದರ ಮುಂದೆ ಎಣಿಕೆ ಹೋಗಲಿಲ್ಲ. ಒಳಗಿನಿಂದ ಅವರು ಕರೆದರು.

"ಎರಡನೇ ಊಟವೂ ಆತು. ಗುಳಿಗೆ ತಗಂಡು ಬಾ."

ಪಟ್ಟಿಯಲ್ಲಿ ಕೊನೆಯ ಒಂದು ಇತ್ತು. ಒಡೆದು ಅವರ ಅಂಗೈಗೆ ಹಾಕಿ, ಲೋಟದಲ್ಲಿ ನೀರು ಹಿಡಿದುಕೊಂಡು, ಅವರು ನುಂಗುವವರೆಗೂ ನಿಂತೆ.