ನಟ್ಟಿನ ಮೇಲಿನ ಕೆಂಪು ಗೆರೆ

ಸಿಂದಗಿಯ ಆಲಮೇಲ ರಸ್ತೆಯಲ್ಲಿ ನನ್ನ ಯಜಮಾನರ ಗಾಲಿ ರಿಪೇರಿ ಅಂಗಡಿ ಇತ್ತು. ಅವರ ಮೊಬೈಲಿನಲ್ಲಿ ಒಂದು ಹಳೆಯ ಕಾರ್ ರೇಸಿನ ವಿಡಿಯೋ ಇತ್ತು, ಮತ್ತೆ ಮತ್ತೆ ನೋಡುತ್ತಿದ್ದರು. ಜರ್ಮನಿಯ ಗುಡ್ಡದ ದಾರಿ, ಒಬ್ಬರೇ ಕೂರುವ ಉದ್ದ ಮೂತಿಯ ಕಾರುಗಳು. ಮುಂದಿದ್ದ ಹಿರಿಯ ಚಾಲಕ ಟೈರ್ ಬದಲಿಸಲು ನಿಂತಾಗ ಗಾಲಿಯ ನಟ್ಟೊಂದು ಮೆಕ್ಯಾನಿಕ್‌ನ ಕೈಜಾರಿ ಕಾರಿನ ಕೆಳಗೆ ಉರುಳಿತಂತೆ. ಹುಡುಕುವಷ್ಟರಲ್ಲಿ ಇಬ್ಬರು ದಾಟಿಹೋದರು. ಆದರೂ ಕೊನೆಗೆ ಅವನೇ ಗೆದ್ದ.

“ಅಂವ ಗೆದ್ದ, ಸರಿ. ಸೋತಿದ್ರ ಆ ನಟ್ ಕಳದಾವನ್ನ ಮಂದಿ ಬಿಡ್ತಿದ್ರೇನ?” ಎಂದು ಪ್ರತಿ ಸಲ ಕೇಳುತ್ತಿದ್ದರು.

ಅದಕ್ಕೇ ಇರಬೇಕು, ಬಿಗಿದ ಪ್ರತಿ ನಟ್ಟಿನಿಂದ ಗಾಲಿಯವರೆಗೆ ಕೆಂಪು ಬಣ್ಣದ ಗೆರೆ ಎಳೆಯುತ್ತಿದ್ದರು. “ಗಾಲಿಗೂ ಕುಂಕುಮ ಹಚ್ಚತೀರೇನ್ರಿ?” ಎಂದು ನಾನು ನಗುತ್ತಿದ್ದೆ.

ಎದೆನೋವು ಬಂದು ಅವರು ತೀರಿಹೋದರು. ನಾಲ್ಕನೇ ದಿನ ಕನ್ನೊಳ್ಳಿಯ ಟ್ರ್ಯಾಕ್ಟರ್ ಮಾಲೀಕ ನಮ್ಮನ್ನು ಮಾತಾಡಿಸಿ ಸಮಾಧಾನ ಹೇಳಲು ಬಂದ. ಹಿಂದಿನ ವಾರ, ನಮ್ಮವರು ಗಾಲಿ ಕೂಡಿಸಿಕೊಟ್ಟಿದ್ದ ಅವನ ಕಬ್ಬಿನ ಟ್ರೇಲರ್ ಗಾಲಿ ಸಡಿಲಾಗಿ ಮಗುಚಿತ್ತು, ಚಾಲಕನ ಕಾಲು ಮುರಿದಿತ್ತು. ಇವರು ಬದುಕಿದ್ದಾಗ ಒಂದು ಮಾತೂ ಆಡದವನು, ನಮ್ಮ ಮನೆಯ ಚಹಾ ಕುಡಿಯುತ್ತ ಹತ್ತು ಜನರ ಮುಂದೆ ಜೋರಾಗಿ ಅಂದ: “ಸತ್ತವರಿಗೆ ಅನಬಾರದು. ಆದ್ರ ನಟ್ ಬಿಗಿ ಮಾಡಿದ್ದಿಲ್ಲ.” ತನ್ನ ಮಾತಿಗೆ ಸಾಕ್ಷಿಯೆಂದು ಮೊಬೈಲಿನ ಫೋಟೋ ಎಲ್ಲರಿಗೂ ತೋರಿಸಿದ.

ಕೆಲವರು ಹೌದೆಂದು ತಲೆಯಾಡಿಸಿದರು.

ಎದ್ದುಹೋಗಿ ಮೊಬೈಲ್ ಕಸಿದುಕೊಂಡೆ. ಫೋಟೋದಲ್ಲಿ ಗಾಲಿ ಎರಡೇ ನಟ್ಟುಗಳ ಮೇಲೆ ಜೋತಾಡುತ್ತಿತ್ತು. ನಟ್ಟುಗಳ ತಲೆಯ ಮೇಲೆ ಕೆಂಪು ಗೆರೆಯ ಅರ್ಧ ಇತ್ತು. ಉಳಿದರ್ಧ ಇರಬೇಕಾದ ಗಾಲಿಯ ಮೇಲೆ ಏನೂ ಇರಲಿಲ್ಲ.

“ನಮ್ಮವರು ಕೂಡಿಸಿದ ಗಾಲಿ ಇದಲ್ರಿ. ಗೆರಿ ಎಲ್ಲೈತಿ, ತೋರಸ್ರಿ.”

ಅವನು ಫೋಟೋ ನೋಡಿದ, ನೆಲ ನೋಡಿದ. “ಯಂಕಂಚಿ ಊರ ಹಂತ್ಯಾಕ ಪಂಕ್ಚರ್ ಆಗಿತ್ತವ್ವಾ. ಡ್ರೈವರ್ ಆ ಗಾಲಿ ಬಿಚ್ಚಿ, ಅವೇ ನಟ್ಟಿಂದ ಸ್ಟೆಪ್ನಿ ಗಾಲಿ ಹಾಕ್ಯಾನ.”

“ಗೊತ್ತಿತ್ತೇನ್ರಿ ನಿಮಗ?”

ಅವನು ಮೊಬೈಲ್ ಮರಳಿ ಇಸಿದುಕೊಳ್ಳಲು ಕೈ ಚಾಚಿದ. ಗೊತ್ತಿತ್ತು.

“ಹೋಗ್ಲಿ ಬಿಡ್ರಿ ವೈನಿ, ಮಾತಾಡ್ಸಾಕ ಬಂದವರ ಜೋಡಿ ಜಗಳ್ಯಾಕ?” ಎಂದ ಮೈದುನ. ಅಣ್ಣನ ಹೆಸರಿಗೆ ಮಸಿ ಬಳಿಯುವಾಗ ಅವನ ಬಾಯಿ ಎಲ್ಲಿ ಹೋಗಿತ್ತು?

ಮಾಲೀಕ ಚಪ್ಪಲಿ ಹುಡುಕತೊಡಗಿದ. ನಾನು ಬಾಗಿಲಿಗೆ ಅಡ್ಡ ನಿಂತೆ.

“ತಪ್ಪು ನಮ್ಮದೈತಿ,” ಎಂದು ಗೊಣಗಿದ.

“ಹಂಗಲ್ರಿ. ಆಗ ಎಷ್ಟು ಜೋರಾಗಿ ಅಂದ್ರಿ, ಅಷ್ಟೇ ಜೋರಾಗಿ ಅನ್ರಿ.”