ಬೋರ್ಡಿಲ್ಲದ ಕಾರು

ಮಲಗಿ ಸಂಬಳ ತೆಗೆದುಕೊಳ್ಳುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಅವನಿಗಿತ್ತು. ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್ ಕೆಲಸ. ಗಿರಾಕಿ ಬಂದ ಕೂಡಲೇ ಬೂಟು ಕಳಚಿ, ಸ್ಪ್ರಿಂಗ್ ಹಾಸಿಗೆಯ ಮೇಲೆ ಅಂಗಾತ ಬಿದ್ದು, "ನೋಡಿ ಸರ್, ಬೆನ್ನು ಇದೆ ಅನ್ನೋದೇ ಮರೆತುಹೋಗುತ್ತೆ" ಎನ್ನಬೇಕು; ಗಿರಾಕಿಯ ಹೆಂಡತಿ ತಲೆಯಾಡಿಸುವ ತನಕ ಹಾಗೇ ಬಿದ್ದಿರಬೇಕು. "ಗೊರಕೆ ಹೊಡೆದ್ರೆ ಓವರ್‌ಟೈಮ್ ಕೊಡ್ತಾರೇನೋ?" ಎಂದು ಅಕ್ಕ ಆಗಾಗ ವಿಚಾರಿಸಿಕೊಳ್ಳುತ್ತಿದ್ದಳು.

ಅಕ್ಕನದು ಡ್ರೈವಿಂಗ್ ಸ್ಕೂಲು. ಸ್ಕೂಲೆಂದರೆ ಒಂದು ಕಾರು, ಒಬ್ಬ ಅಕ್ಕ, ಅಷ್ಟೇ. ವರ್ಷಗಟ್ಟಲೆ ಶಾಲೆಯ ಬಸ್ಸು ಓಡಿಸಿ ಕೊಂಡ ಬಿಳಿ ಕಾರು. ಪಕ್ಕದ ಸೀಟಿನ ಕೆಳಗೂ ಅಕ್ಕನಿಗಾಗಿ ಒಂದು ಜೊತೆ ಪೆಡಲ್. ನೆತ್ತಿಯ ಮೇಲೆ ಹಳದಿ ಬೋರ್ಡು: 'ಕಲಿಯುವವರಿದ್ದಾರೆ, ಕರುಣೆಯಿರಲಿ.' ಆ ಸಾಲನ್ನು ಕಟ್ಟಿದವಳು ಅಕ್ಕನೇ. ಬೆಳಿಗ್ಗೆ ಕಾರು ಒರೆಸುವಾಗ ಅದರ ಜೊತೆ ಮಾತೂ ಆಡುತ್ತಿದ್ದಳು: "ಏಳೇ ಚಿನ್ನ, ಇವತ್ತು ಹೊಸಬರು ಬರ್ತಾರೆ ನಿನ್ನ ಗೇರ್ ಮುರಿಯೋಕೆ." ಶಿಷ್ಯರಿಗೆಲ್ಲ ಅವರವರ ತಪ್ಪಿನ ಮೇಲೇ ಹೆಸರು. ಕ್ಲಚ್ ಮೇಲಿಂದ ಕಾಲು ತೆಗೆಯದ ಮುದುಕಿ ಕ್ಲಚ್ ಅಜ್ಜಿ. ಮೊದಲ ದಿನವೇ ಕಾಂಪೌಂಡಿಗೆ ಗುದ್ದಿದ ಹಲ್ಲಿನ ವೈದ್ಯರು ಗೋಡೆ ಡಾಕ್ಟರು. ತಮ್ಮನಿಗೆ ಹೆಸರಿಡುವಂಥ ತಪ್ಪು ಅದುವರೆಗೆ ಸಿಕ್ಕಿರಲಿಲ್ಲ.

ಅಂಗಡಿಯವರು ಒಂದು ಭಾನುವಾರ ಸಿಬ್ಬಂದಿಗೆಲ್ಲ ದೊಡ್ಡ ಹೋಟೆಲಿನಲ್ಲಿ ಊಟ ಇಟ್ಟುಕೊಂಡರು. ಅವನು ಸಹೋದ್ಯೋಗಿಗಳ ಮುಂದೆ "ನಮ್ಮ ಕಾರು, ನಮ್ಮ ಕಾರು" ಎಂದು ಎಷ್ಟೋ ದಿನದಿಂದ ಕೊಚ್ಚಿಕೊಂಡಿದ್ದ. ಸುಳ್ಳೇನಲ್ಲ, ಆದರೆ ಆ 'ನಮ್ಮ'ದಲ್ಲಿ ಕರುಣೆ ಬೇಡುವ ಹಳದಿ ಬೋರ್ಡು ಸೇರಿರಲಿಲ್ಲ. ಹಿಂದಿನ ರಾತ್ರಿ ಕೀ ಕೇಳಿದಾಗ ಅಕ್ಕ ಹಿಂದೆಮುಂದೆ ನೋಡದೆ ಕೊಟ್ಟಳು. ಅವಳು ವಾರಕ್ಕೊಮ್ಮೆ ಹೊತ್ತೇರುವ ತನಕ ಮಲಗುವುದು ಭಾನುವಾರವೇ. ಅವಳು ಏಳುವುದರೊಳಗೆ ಇವನು ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಸ್ಪ್ಯಾನರ್ ಹಿಡಿದು, ಬೆರಳ ಚರ್ಮ ಸುಲಿಸಿಕೊಂಡು ಬೋರ್ಡನ್ನು ಕಳಚಿದ. ಅದನ್ನು ಅಂಗಡಿಗೆ ಒಯ್ದು, ಹಾಸಿಗೆಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪ್ರದರ್ಶನಕ್ಕಿಟ್ಟ ಮಂಚದ ಕೆಳಗೆ ತಳ್ಳಿದ. ಸಂಜೆ ಮತ್ತೆ ಕೂರಿಸಿಬಿಟ್ಟರಾಯಿತು, ಯಾರಿಗೆ ಗೊತ್ತಾಗುತ್ತದೆ?

ಹೋಟೆಲಿನ ಮುಂದೆ ಎಲ್ಲರೂ ನೋಡುವ ಹಾಗೆ ಇಳಿದ. ಆಮೇಲೆ ಯಾರಾದರೂ ಕಾರಿನೊಳಗೆ ಬಗ್ಗಿ ಆ ಹೆಚ್ಚುವರಿ ಪೆಡಲ್ ಕಂಡುಬಿಟ್ಟಾರೆಂದು ಕಾರನ್ನು ಹಿಂದಿನ ಓಣಿಗೆ ಒಯ್ದು, ಗೋದಾಮಿನ ಗೋಡೆಗೆ ಒತ್ತಿ ನಿಲ್ಲಿಸಿ ಬಂದ. ಊಟ ಮುಗಿಸಿ, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಹೋಗಿ ನೋಡಿದರೆ ಕಾರಿನ ಜಾಗದಲ್ಲಿ ಒಂದು ನಾಯಿ ಮಲಗಿತ್ತು, ಹುಟ್ಟಿದಾಗಿನಿಂದ ಅಲ್ಲೇ ಮಲಗಿರುವ ಹಾಗೆ.

ಪೊಲೀಸ್ ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದವರು ತಲೆಯೆತ್ತದೆ ಕೇಳಿದರು: "ನಂಬರು ಆಯ್ತು, ಬೇರೆ ಗುರುತು ಏನಮ್ಮ?"

"ಮೇಲೆ ಹಳದಿ ಬೋರ್ಡಿದೆ ಸರ್," ಎಂದಳು ಅಕ್ಕ. "ದೂರದಿಂದಲೇ ಕಾಣುತ್ತೆ."

ಅವನು ಬಾಯಿ ತೆರೆದ. ಕಳ್ಳನೂ ಮೊದಲು ತೆಗೆಯುವುದು ಅದನ್ನೇ ತಾನೇ, ಹೇಳಿದರೂ ಒಂದೇ ಬಿಟ್ಟರೂ ಒಂದೇ, ಎಂದುಕೊಂಡು ಮುಚ್ಚಿದ.

ಠಾಣೆಯವರಿಗೂ ಅದೇ ಅನುಮಾನ. "ಬೋರ್ಡ್ ಕಿತ್ತು ಬಿಸಾಕಿರ್ತಾನೆ ಬಿಡಮ್ಮ."

"ಆಗಲ್ಲ ಸರ್. ಬೋಲ್ಟು ತುಕ್ಕು ಹಿಡಿದು ಕಚ್ಕೊಂಡಿದೆ. ಎಣ್ಣೆ ಬಿಟ್ಟು ಕಾಯಬೇಕು. ಯಾವ ಕಳ್ಳ ಬೀದೀಲಿ ನಿಂತು ಅಷ್ಟು ತಾಳ್ಮೆ ತೋರಿಸ್ತಾನೆ?"

ಅಂಥ ತಾಳ್ಮೆಯವನು ಅವಳ ಪಕ್ಕದಲ್ಲೇ ನಿಂತು, ಸುಲಿದ ಬೆರಳನ್ನು ಜೇಬಿನೊಳಗೆ ಇಳಿಸಿದ.

ಅಕ್ಕ ತನ್ನ ಶಿಷ್ಯರಿಗೆಲ್ಲ ಫೋನು ಮಾಡಿದಳು: ಹಳದಿ ಬೋರ್ಡಿನ ಬಿಳಿ ಕಾರು ಕಂಡರೆ ತಕ್ಷಣ ತಿಳಿಸಿ. ಅವಳಿಂದ ಕಲಿತವರು ಊರ ತುಂಬ ಇದ್ದರು. ಎಲ್ಲರೂ ಹುಡುಕಾಟಕ್ಕೆ ಇಳಿದರು. ಹಳದಿ ಬೋರ್ಡು ಕಂಡಲ್ಲೆಲ್ಲ ಫೋನು. ಅಕ್ಕ ಬಸ್ಸು ಹತ್ತಿ ಓಡುತ್ತಿದ್ದಳು. ಒಂದು ಸಲ ಬೇರೆ ಡ್ರೈವಿಂಗ್ ಸ್ಕೂಲಿನ ಕಾರು, ಇನ್ನೊಂದು ಸಲ ಬಾಡಿಗೆ ಕಾರು, ಮತ್ತೊಂದು ಸಲ ತಲೆಯ ಮೇಲೆ ಬೋರ್ಡು ಹೊತ್ತ ಐಸ್‌ಕ್ರೀಮ್ ಗಾಡಿ. ಊರಿಗೆ ಊರೇ ಇಲ್ಲದ ವಸ್ತುವನ್ನು ಹುಡುಕುತ್ತಿದೆಯೆಂದು ಗೊತ್ತಿದ್ದವನು ಅವನೊಬ್ಬನೇ. ಇವತ್ತು ಹೇಳೋಣವೆಂದು ದಿನಾ ಮನೆಗೆ ಹೋಗುತ್ತಿದ್ದ. ಚಪ್ಪಲಿ ಕಳಚದೆ ಗೋಡೆಗೊರಗಿ ಕೂತ ಅಕ್ಕನನ್ನು ಕಂಡು, ಇವತ್ತು ಸುಸ್ತಾಗಿದ್ದಾಳೆ, ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದ. ಅಕ್ಕನ ಆಯಾಸದ ಮೇಲೆ ಅವನಿಗೆ ಅಷ್ಟು ಕಾಳಜಿ! ರಾತ್ರಿ ನಿದ್ದೆಯಿಲ್ಲ, ಹಗಲು ಗಿರಾಕಿಗಳ ಮುಂದೆ ಮಲಗಿದರೆ ಹಾಸಿಗೆಯ ಅಡಿಯಲ್ಲಿ ಬೋರ್ಡು. ಬೆನ್ನು ಇದೆಯೆನ್ನುವುದು ಚೆನ್ನಾಗಿ ನೆನಪಿರುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ಅಂಗಡಿಗೇ ಬಂದಳು. ಯಾರೋ ಹೇಳಿದರೆಂದು ಊರಾಚೆಯ ಗ್ಯಾರೇಜಿನ ತನಕ ನಡೆದು, ಬರಿಗೈಯಲ್ಲಿ ವಾಪಸಾಗಿದ್ದಳು.

"ಒಂದೈದು ನಿಮಿಷ ಕೂತ್ಕೋತೀನಿ ಕಣೋ. ನಿಮ್ಮ ಮ್ಯಾನೇಜರ್ ಬೈತಾರಾ?"

"ಬೈಯಲ್ಲ, ಕೂತ್ಕೋ ಅಕ್ಕ. ಅಲ್ಲಿ ಬೇಡ, ಈ ಮಂಚಕ್ಕೆ..."

ಅಷ್ಟರಲ್ಲಿ ಅವಳು ಬೋರ್ಡು ಅಡಗಿದ್ದ ಮಂಚದ ಮೇಲೇ ಕೂತಾಗಿತ್ತು. ಕೂತವಳು ಒರಗಿದಳು, ಒರಗಿದವಳಿಗೆ ಕಣ್ಣು ಹತ್ತಿತು. ಮ್ಯಾನೇಜರ್ ಬಂದು ಕನ್ನಡಕ ಸರಿಮಾಡಿಕೊಂಡರು.

"ಗಿರಾಕಿನಾ?"

"ಹೌದು ಸರ್. ಟ್ರಯಲ್."

"ತುಂಬ ಒಪ್ಪಿಗೆಯಾದ ಹಾಗಿದೆ. ಎಬ್ಬಿಸಿ ಬಿಲ್ ಮಾಡು."

ಅಕ್ಕನ ಪಾದದಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಕಾರು ಕಲಿಸುವವಳ ಕಾಲು ಅದು, ನಡೆದು ಅಭ್ಯಾಸವಿಲ್ಲ. ಅವನು ಮೊಣಕಾಲೂರಿ, ಮಂಚದ ಕೆಳಗೆ ಕೈಹಾಕಿ, ಪ್ಲಾಸ್ಟಿಕ್ಕಿನ ಗಂಟನ್ನು ಎಳೆದ. ಆ ಪರಪರ ಸದ್ದಿಗೆ ಅಕ್ಕ ಕಣ್ಣು ಬಿಟ್ಟಳು. ಚೀಲದೊಳಗಿನ ಹಳದಿ ಕಂಡು ಒಂದು ಕ್ಷಣ ಅವಳ ಮುಖ ಅರಳಿತು.

"ಸಿಕ್ತಾ? ಕಾರು ಸಿಕ್ತೇನೋ?"

"ಇಲ್ಲ ಅಕ್ಕ. ಇದು ಕಾರಿನ ಜೊತೆ ಹೋಗೇ ಇರಲಿಲ್ಲ. ನಾನೇ ಬಿಚ್ಚಿದ್ದೆ. ಊಟಕ್ಕೆ ಹೋಗುವಾಗ."

"ಯಾಕೆ?"

"ಅಂಗಡಿಯವರೆಲ್ಲ ನೋಡ್ತಾರೆ ಅಂತ."

ಅಕ್ಕ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಪ್ಲಾಸ್ಟಿಕ್ ಬಿಡಿಸಿದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬ್ಯಾಗಿನಿಂದ ಫೋನು ತೆಗೆದು ಅವನ ಕೈಗಿಟ್ಟಳು.

"ಎಲ್ಲರಿಗೂ ನೀನೇ ಹೇಳು. ಬೋರ್ಡಿಲ್ಲದ ಕಾರು ನೋಡಿ ಅಂತ."

"ಯಾಕೆ ಇಲ್ಲ ಅಂತ ಕೇಳಿದ್ರೆ?"

"ಬಾಯಿದೆಯಲ್ಲ. ಹಾಸಿಗೆ ಮಾರೋ ಬಾಯಿ."

ಮೊದಲು ಗೋಡೆ ಡಾಕ್ಟರು. "ಯಾಕ್ರೀ ತೆಗೆದ್ರಿ?" ಎಂದು ಕೇಳೇ ಕೇಳಿದರು.

"ನಾಚಿಕೆಯಾಯ್ತು ಸರ್."

"ನಂಗೂ ಆಗ್ತಿತ್ತು. ಪೇಷೆಂಟುಗಳು ಎದುರಿಗೆ ಬಂದು ಕೈ ಬೀಸೋರು. ಆದ್ರೂ ಅದರ ಕೆಳಗೇ ಕೂತು ಕಲಿತೆ ನೋಡಿ." ಅವರು ಒಳ್ಳೆಯ ಮನಸ್ಸಿನಿಂದಲೇ ನಕ್ಕರು. ಅವನ ಕಿವಿ ಸುಟ್ಟಿತು.

ಆಮೇಲೆ ಕ್ಲಚ್ ಅಜ್ಜಿ.

"ಬೋರ್ಡಿರಲಿಲ್ವಾ? ಅಯ್ಯೋ ಮಗಾ!" ಅಜ್ಜಿಯ ದನಿ ಇಳಿದುಹೋಯಿತು. "ಕಾರು ಹೋದ ಮಾರನೇ ದಿನ ಟೈರ್ ಅಂಗಡಿ ಮುಂದೆ ಬಿಳಿ ಕಾರು ನಿಂತಿತ್ತು, ಬಾಗಿಲು ತೆಗೆದು. ಆ ಕಡೆ ಸೀಟಿನ ಕೆಳಗೂ ಪೆಡಲ್ ಇತ್ತು. ನಮ್ಮದರ ಹಾಗೇ ಇದೆಯಲ್ಲ ಅಂದ್ಕೊಂಡೆ. ಬೋರ್ಡಿಲ್ಲ, ನಂಬರೂ ಬೇರೆ, ಬದಲಾಯಿಸಿರ್ತಾರೆ ಅಂತ ಹೊಳೀಲೇ ಇಲ್ಲ, ನಮ್ಮದಲ್ಲ ಅಂತ ಬಂದುಬಿಟ್ಟೆ. ಒಂದು ಮಾತು ಗೊತ್ತಿದ್ರೆ ಅಡ್ಡ ನಿಂತುಬಿಡ್ತಿದ್ದೆ ಕಣೋ. ನನ್ನ ತಪ್ಪು ಅಂತ ಮೇಡಂಗೆ ಹೇಳಪ್ಪ."

"ನಿಮ್ಮ ತಪ್ಪಲ್ಲ ಅಜ್ಜಿ," ಎಂದ. ಕರೆ ಮುಗಿದ ಮೇಲೂ ಫೋನನ್ನು ಕಿವಿಯಿಂದ ಇಳಿಸಲಿಲ್ಲ.

"ಏನಂದ್ರು ಅಜ್ಜಿ?" ಎಂದು ಕೇಳಿದಳು ಅಕ್ಕ.

'ಕಂಡರೆ ಹೇಳ್ತಾರಂತೆ' ಎಂದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು, ಅಭ್ಯಾಸವಾದ ನಾಲಿಗೆ. ಅದನ್ನು ನುಂಗಿ, ಅಜ್ಜಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಟೈರ್ ಅಂಗಡಿ, ತೆರೆದ ಬಾಗಿಲು, ಪೆಡಲ್, ಮಾರನೇ ದಿನ.

ಅಕ್ಕನ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು, ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತುವ ಹಾಗೆ. ಒಡೆದ ಬೊಬ್ಬೆಯ ನೋವಿಗೋ ಏನೋ, ಕಣ್ಣು ಮುಚ್ಚಿಕೊಂಡಳು. ಆ ಕಡೆ ಮ್ಯಾನೇಜರ್ ಯಾರಿಗೋ ಸ್ಪ್ರಿಂಗಿನ ಗುಣಗಾನ ಮಾಡುತ್ತಿದ್ದರು.

"ಮೊದಲು ಠಾಣೆಗೆ ಮಾಡು," ಎಂದಳು ಕೊನೆಗೆ, ಕಣ್ಣು ತೆರೆಯದೆ. "ಟೈರ್ ಅಂಗಡಿ ವಿಷಯ ಹೇಳು. ಬೋರ್ಡಿನ ವಿಷಯವನ್ನೂ ಹೇಳು. ಆಮೇಲೆ ಉಳಿದವರಿಗೆ."

ಅವನು ನಂಬರು ಒತ್ತಿದ.